ಪೊಟ್ಯಾಷ್ ಡಬ್ಬಿಯಿಂದ ಬೆಕೆರೆಲ್‌ವರೆಗೆ: ನನ್ನ ಅನುಭವ

ಉಳ್ಳಾಲದ ಕಡಲತೀರದಿಂದ ತಂದ ಕಪ್ಪು ಮರಳಿನ ಒಂದೇ ಮಾದರಿಯನ್ನು ಕಳೆದ ವರ್ಷ ಎರಡು ಪಾಲು ಮಾಡಿದೆ. ಒಂದು ಪಾಲು ಜರ್ಮೇನಿಯಂ ಡಿಟೆಕ್ಟರ್ ಇರುವ ದೊಡ್ಡ ಪ್ರಯೋಗಾಲಯಕ್ಕೆ ಹೋಯಿತು. ಇನ್ನೊಂದನ್ನು ನಮ್ಮ ಕಾಲೇಜಿನ ಹಿಂಬದಿಯ ಕೋಣೆಯಲ್ಲಿ, ಮೂರು ಇಂಚಿನ ಹಳೆಯ ಸೋಡಿಯಂ ಅಯೊಡೈಡ್ ಹರಳಿನ (ಗಾಮಾ ಕಿರಣ ಬಿದ್ದರೆ ಮಿನುಗುವ ಡಿಟೆಕ್ಟರ್) ಮೇಲಿಟ್ಟು, ಮರಳಿನ ಸಹಜ ವಿಕಿರಣವನ್ನು ನಾನೇ ಎಣಿಸಿದೆ. ಥೋರಿಯಂ ಅವರಿಗೆ ಕಿಲೋಗೆ ಸುಮಾರು 1,140 ಬೆಕೆರೆಲ್ (ಸೆಕೆಂಡಿಗೆ ಅಷ್ಟು ಪರಮಾಣುಗಳ ಕ್ಷಯ) ಬಂತು, ನನಗೆ 1,100. ರೇಡಿಯಂ ಅವರಿಗೆ 210, ನನಗೆ 220ರ ಆಸುಪಾಸು. ಪೊಟ್ಯಾಸಿಯಂ ಮಾತ್ರ ಹೊಂದಲಿಲ್ಲ. ಅದರ ವಿಷಯ ಕೊನೆಗೆ ಹೇಳುತ್ತೇನೆ, ಏಕೆಂದರೆ ಅಲ್ಲಿ ಸರಿಯಿದ್ದದ್ದು ನನ್ನ ಅಂಕಿ.

ಇಷ್ಟಕ್ಕೆ ಹೆಚ್ಚುಕಡಿಮೆ ಮೂರು ವರ್ಷ ಹಿಡಿಯಿತು. ಪ್ರಮಾಣೀಕೃತ ಸೋರ್ಸ್ (ಬೆಕೆರೆಲ್ ಎಷ್ಟೆಂದು ಖಚಿತವಾಗಿ ಗೊತ್ತಿರುವ ವಿಕಿರಣ ಮೂಲ) ಇಲ್ಲದೆ ದಕ್ಷತೆಯ ಕ್ಯಾಲಿಬ್ರೇಶನ್, ಅಂದರೆ ಹೊರಟ ಗಾಮಾಗಳಲ್ಲಿ ಹರಳು ಎಷ್ಟನ್ನು ಎಣಿಸುತ್ತದೆಂಬ ಲೆಕ್ಕ, ಆಗುವುದಿಲ್ಲ ಎಂದು ಎಲ್ಲರೂ ಹೇಳಿದ್ದರು. ಪೊಟ್ಯಾಷ್ ಉಪ್ಪನ್ನೇ ಮಾನಕವಾಗಿ ಬಳಸುತ್ತೇನೆ ಎಂದಾಗ ಒಬ್ಬ ಹಿರಿಯರಂತೂ, "ಗೊಬ್ಬರದ ಅಂಗಡಿಯಲ್ಲಿ ಮಾನಕ ಸಿಗುವುದಾದರೆ ಮುಂಬೈಯಲ್ಲಿ ಅಷ್ಟು ದೊಡ್ಡ ಕೇಂದ್ರ ಏಕೆ ಕಟ್ಟಿದರು?" ಎಂದು ಸಭೆಯಲ್ಲೇ ಕೇಳಿದರು. ಮುಂಬೈಯ ಭಾಭಾ ಕೇಂದ್ರದಲ್ಲಿ ಪ್ರಾಥಮಿಕ ಮಾನಕಗಳನ್ನು ಕಟ್ಟುವವರ ಕೆಲಸದ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಪ್ರಕೃತಿ ತಾನೇ ಪ್ರಮಾಣಪತ್ರ ಬರೆದುಕೊಟ್ಟಿರುವ ಒಂದು ಸೋರ್ಸ್ ಇದೆ. ಶುದ್ಧ ಪೊಟ್ಯಾಸಿಯಂ ಕ್ಲೋರೈಡ್‌ನಲ್ಲಿ ತೂಕದ 52.4 ಶೇಕಡಾ ಪೊಟ್ಯಾಸಿಯಂ; ಒಂದು ಗ್ರಾಂ ಪೊಟ್ಯಾಸಿಯಂ ಎಂದರೆ ಸುಮಾರು 31 ಬೆಕೆರೆಲ್; ನೂರು ಕ್ಷಯಕ್ಕೆ 10.66ರಷ್ಟು 1,460 ಕೆಇವಿ (ಶಕ್ತಿಯ ಅಳತೆ) ಗಾಮಾ. ಅರ್ಧಾಯು 125 ಕೋಟಿ ವರ್ಷವಾದ್ದರಿಂದ ಕ್ಷಯದ ತಿದ್ದುಪಡಿಯೂ ಬೇಡ. ಬೇಕಾದದ್ದು ಒಳ್ಳೆಯ ತಕ್ಕಡಿ ಮಾತ್ರ.

ಮೊದಲ ವರ್ಷ ನಾನೂ ಎಲ್ಲರ ದಾರಿಯಲ್ಲೇ ನಡೆದೆ. ಕಪಾಟಿನಲ್ಲಿ ಸೀಸಿಯಂ-137ರ ಹಳೆಯ ಬಿಂದು ಸೋರ್ಸ್ ಒಂದಿತ್ತು. ಅದರ ಮೇಲಿದ್ದ ಒಂದು ಮೈಕ್ರೋಕ್ಯೂರಿ ಎಂಬ ಬರಹವನ್ನು ನಂಬಿ, 30 ವರ್ಷದ ಅರ್ಧಾಯುವಿಗೆ ಲೆಕ್ಕ ಹಾಕಿ, ಹರಳಿನ ಮುಚ್ಚಳದ ನಟ್ಟನಡುವೆ ಇಟ್ಟು ದಕ್ಷತೆ ತೆಗೆದೆ. ಅಲ್ಲಿಂದ ಮೇಲಿನ ಶಕ್ತಿಗಳಿಗೆ ಗೆರೆ ಎಳೆದೆ. ಮಣ್ಣಿನ ಮಾದರಿಗಳ ಬೆಲೆ ನಿಜದ ಅರ್ಧಕ್ಕಿಂತಲೂ ಕಡಿಮೆ ಬಂತು. ಬಿಂದು ಹರಳಿಗೆ ಅಂಟಿಕೊಂಡಿರುತ್ತದೆ, ಏಳು ಸೆಂಟಿಮೀಟರ್ ಎತ್ತರದ ಡಬ್ಬಿಯ ಮೇಲ್ಪದರ ದೂರದಲ್ಲಿರುತ್ತದೆ. ಗೊತ್ತಿದ್ದ ವಿಷಯವೇ. ಆದರೂ ಆ ಅಂತರ ಅಷ್ಟು ದೊಡ್ಡದೆಂದು ಅಂದಾಜಿಸಿರಲಿಲ್ಲ. ಆರು ತಿಂಗಳ ಸ್ಪೆಕ್ಟ್ರಮ್‌ಗಳನ್ನು (ಶಕ್ತಿವಾರು ಎಣಿಕೆಯ ನಕ್ಷೆಗಳನ್ನು) ಬದಿಗಿಟ್ಟೆ.

ಅಂದಿನಿಂದ ಒಂದೇ ನಿಯಮ: ಮಾನಕವೂ ಮಾದರಿಯೂ ಒಂದೇ ಡಬ್ಬಿಯಲ್ಲಿ, ಒಂದೇ ಎತ್ತರಕ್ಕೆ. ಸುಮಾರು 300 ಮಿಲಿ ಡಬ್ಬಿಗೆ 110 ಡಿಗ್ರಿಯಲ್ಲಿ ಒಣಗಿಸಿದ 310 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಹಿಡಿಯಿತು. ಅಂದರೆ ಐದು ಸಾವಿರ ಬೆಕೆರೆಲ್ ಚಿಲ್ಲರೆ, ಸೆಕೆಂಡಿಗೆ 540 ಗಾಮಾ. ಸ್ಪೆಕ್ಟ್ರಮ್‌ನಲ್ಲಿ 1,460ರ ಶಿಖರದಲ್ಲಿ ನನಗೆ ಸಿಕ್ಕಿದ್ದು ಸೆಕೆಂಡಿಗೆ 11ರಿಂದ 12. ದಕ್ಷತೆ ಶೇಕಡಾ ಎರಡಕ್ಕಿಂತ ತುಸು ಹೆಚ್ಚು. ಒಂದು ಗಂಟೆಯಲ್ಲಿ 40 ಸಾವಿರ ಎಣಿಕೆ ಆಗುವುದರಿಂದ ಅಂಕಿಸಂಖ್ಯೆಯ ದೋಷ ಅರ್ಧ ಶೇಕಡಾಕ್ಕೆ ಇಳಿಯುತ್ತದೆ. ಗೊಬ್ಬರದ ಅಂಗಡಿಯ ಕೆಂಪು ಪೊಟ್ಯಾಷ್ ಅನ್ನೂ ಪ್ರಯತ್ನಿಸಿದ್ದೆ. ಚೀಲಚೀಲಕ್ಕೆ ಶುದ್ಧತೆ ಬದಲಾಗುವುದರಿಂದ ಅದು ಮಾನಕವಾಗಲಿಲ್ಲ. ಆದರೆ ಬಾಟಲಿಯ ರಾಸಾಯನಿಕದಿಂದ ಕ್ಯಾಲಿಬ್ರೇಶನ್ ಆದ ಮೇಲೆ ಅದೇ ಡಿಟೆಕ್ಟರ್ ಗೊಬ್ಬರ ಪರೀಕ್ಷೆಯ ಯಂತ್ರವಾಯಿತು: ಊರಿನ ರೈತರೊಬ್ಬರು ತಂದ ಚೀಲದಲ್ಲಿ ಇರಬೇಕಾದ ಪೊಟ್ಯಾಷ್‌ನ ಮುಕ್ಕಾಲು ಪಾಲೂ ಇರಲಿಲ್ಲ ಎಂಬುದನ್ನು ಅರ್ಧ ಗಂಟೆಯಲ್ಲಿ ತೋರಿಸಿಕೊಟ್ಟೆ. ಆ ಹುಮ್ಮಸ್ಸಿನಲ್ಲಿ ತೆಂಗಿನ ಸಿಪ್ಪೆಯ ಬೂದಿ, ಬಾಳೆದಿಂಡಿನ ಬೂದಿ ಎರಡನ್ನೂ ಎಣಿಸಿದೆ. ನಮ್ಮ ಅಜ್ಜಿ ಬಟ್ಟೆಯ ಕೊಳೆ ತೆಗೆಯಲು ಬಳಸುತ್ತಿದ್ದ ಬೂದಿಯಲ್ಲಿ 1,460ರ ಶಿಖರ ಎಷ್ಟು ಚೂಪಾಗಿ ಎದ್ದಿತೆಂದರೆ ವಿದ್ಯಾರ್ಥಿಗಳು ಅದನ್ನೇ ಮಾನಕವೆಂದು ಭಾವಿಸಿದರು.

ಪೊಟ್ಯಾಸಿಯಂ ಸುಲಭ. ಕಷ್ಟವೆಲ್ಲ ಯುರೇನಿಯಂ ಮತ್ತು ಥೋರಿಯಂ ಸರಣಿಗಳಲ್ಲಿ: ಅಲ್ಲಿ ಒಂದು ಪರಮಾಣು ಕ್ಷಯಿಸಿ ಇನ್ನೊಂದಾಗುತ್ತ ಸಾಗುತ್ತದೆ, ನಾವು ಎಣಿಸುವ ಗಾಮಾ ಬರುವುದು ಆ ಮರಿಗಳಿಂದ. ಥೋರಿಯಂಗೆ ನಾನು ಹಿಡಿದ ಮೊದಲ ದಾರಿ ಯಕ್ಷಗಾನದ ಮೇಳಗಳ ಕಾಲದ ಗ್ಯಾಸ್‌ಲೈಟಿನ ಮ್ಯಾಂಟಲ್, ಅಂದರೆ ಥೋರಿಯಂ ಇರುವ ಬಲೆಬತ್ತಿ. ಹಳೆಯ ದಾಸ್ತಾನಿನಿಂದ ಹತ್ತು ಮ್ಯಾಂಟಲ್ ಸಿಕ್ಕಿದವು. ಥೋರಿಯಂ ಸರಣಿಯ ತುದಿಯಿಂದ ಬರುವ 2,614 ಕೆಇವಿ ಗೆರೆ ಕಣ್ಣಿಗೆ ಕಟ್ಟುವಂತೆ ಬಂತು. ಶಕ್ತಿಯ ಅಳತೆಪಟ್ಟಿಗೆ ಅದಕ್ಕಿಂತ ಒಳ್ಳೆಯದಿಲ್ಲ. ತೂಕದಿಂದ ಥೋರಿಯಂ ಲೆಕ್ಕ ಹಾಕಿ ದಕ್ಷತೆ ತೆಗೆದೆ. ಮಾದರಿಗಳೆಲ್ಲ ಒಂದೂವರೆ ಪಟ್ಟು ಹೆಚ್ಚು ತೋರಿಸತೊಡಗಿದವು. ಎರಡು ತಿಂಗಳು ತಲೆ ಕೆಡಿಸಿಕೊಂಡ ಮೇಲೆ ಕಾರಣ ಹೊಳೆಯಿತು. ಕಾರ್ಖಾನೆಯಲ್ಲಿ ಥೋರಿಯಂ ಅನ್ನು ಬೇರ್ಪಡಿಸಿದಾಗ ರೇಡಿಯಂ-228 ಹೊರಗುಳಿಯುತ್ತದೆ. ಅದು ಮತ್ತೆ ಬೆಳೆಯಬೇಕಾದರೆ 5.75 ವರ್ಷದ ಅರ್ಧಾಯುವಿನ ಲೆಕ್ಕದಲ್ಲಿ ದಶಕಗಳು ಬೇಕು. ನಡುವೆ ನಾಲ್ಕೈದು ವರ್ಷದ ಹೊತ್ತಿಗೆ 2,614ರ ಗೆರೆಗೆ ಮೂಲವಾದ ಥೋರಿಯಂ-228 ಅರ್ಧಕ್ಕಿಂತ ಕೆಳಗಿಳಿದು ಆಮೇಲೆ ಮೇಲೇರುತ್ತದೆ. ಮ್ಯಾಂಟಲಿನ ವಯಸ್ಸು ಗೊತ್ತಿಲ್ಲದೆ ಅದರಿಂದ ಬೆಕೆರೆಲ್ ತೆಗೆಯುವುದು ಸಾಧ್ಯವೇ ಇಲ್ಲ. ಮ್ಯಾಂಟಲ್ ಇಟ್ಟುಕೊಂಡವರು ಅದನ್ನು ಶಕ್ತಿಯ ಅಳತೆಪಟ್ಟಿ ಕೂರಿಸಲು ಮಾತ್ರ ಬಳಸಿ.

ಕೊನೆಗೆ ಒಬ್ಬ ಸಂಶೋಧಕರು ತಮ್ಮಲ್ಲಿ ಉಳಿದಿದ್ದ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮಾನಕಗಳನ್ನು ಕೊಟ್ಟರು: ಥೋರಿಯಂಗೆ ಆರ್‌ಜಿಟಿಎಚ್-1, ಕಿಲೋಗೆ 3,250 ಬೆಕೆರೆಲ್; ಯುರೇನಿಯಂಗೆ ಆರ್‌ಜಿಯು-1, 4,940. ತಲಾ 250 ಗ್ರಾಂ. ನನ್ನ ಡಬ್ಬಿ ತುಂಬಲು 400 ಗ್ರಾಂ ಬೇಕು. ಆದ್ದರಿಂದ ಶುದ್ಧ ಸಿಲಿಕಾ ಪುಡಿಯನ್ನು ಬೆರೆಸಿದೆ, ಡಬ್ಬಿ ಮುಚ್ಚಿ ಅರ್ಧ ಗಂಟೆ ಕುಲುಕಿದೆ. ಎಣಿಸಿದೆ. ಯಾವುದೋ ಅನುಮಾನದಿಂದ ಡಬ್ಬಿಯನ್ನು ತಲೆಕೆಳಗು ಮಾಡಿ ಮತ್ತೆ ಎಣಿಸಿದೆ. ಎರಡು ಎಣಿಕೆಗಳ ನಡುವೆ ಎಂಟು ಶೇಕಡಾ ವ್ಯತ್ಯಾಸ! ಭಾರದ ಕಣಗಳು ತಳ ಸೇರಿದ್ದವು. ಎಲ್ಲವನ್ನೂ ಸುರಿದು, ಔಷಧದ ಅಂಗಡಿಯವರು ಪುಡಿ ಬೆರೆಸುವ ಹಾಗೆ ಮಾಡಿದೆ: ಸಿಲಿಕಾವನ್ನು ಮಾನಕದಷ್ಟೇ ನಯವಾಗುವವರೆಗೆ ಅರೆದು ಜರಡಿ ಹಿಡಿದು, ಒಂದು ಚಮಚ ಮಾನಕಕ್ಕೆ ಒಂದು ಚಮಚ ಸಿಲಿಕಾ, ಆ ಎರಡಕ್ಕೆ ಮತ್ತೆರಡು, ಹೀಗೆ ಹಂತಹಂತವಾಗಿ. ಮೂರನೇ ಸಲ ಮೇಲೆ ಕೆಳಗಿನ ಎಣಿಕೆ ಒಂದು ಶೇಕಡಾದೊಳಗೆ ಬಂತು. ಈಗ ಯಾರ ಮಾನಕವನ್ನೂ ತಲೆಕೆಳಗು ಮಾಡಿ ಎಣಿಸದೆ ನಂಬುವುದಿಲ್ಲ.

ರೇಡಾನ್ ಸೋರಿಕೆ ಇನ್ನೂ ದೊಡ್ಡ ತಲೆನೋವು. ರೇಡಿಯಂ ಕ್ಷಯಿಸಿದಾಗ ಹುಟ್ಟುವ ಈ ಅನಿಲ ಡಬ್ಬಿಯಿಂದ ತಪ್ಪಿಸಿಕೊಂಡರೆ, ರೇಡಿಯಂ ಅಳೆಯಲು ನಾವು ಎಣಿಸುವ ಅದರ ಮರಿಗಳೂ ಕಡಿಮೆಯಾಗುತ್ತವೆ. ತಿರುಪಿನ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಟೇಪ್ ಸುತ್ತಿ 30 ದಿನ ಇಟ್ಟರೆ ಸಾಕೆಂದು ಎಲ್ಲರಂತೆ ನಾನೂ ನಂಬಿದ್ದೆ. ನಮ್ಮ ಕರಾವಳಿಯ ಮುರಕಲ್ಲಿನ ಪುಡಿಯನ್ನು ಎರಡು ಪಾಲು ಮಾಡಿ, ಒಂದನ್ನು ಪ್ಲಾಸ್ಟಿಕ್‌ನಲ್ಲಿ, ಇನ್ನೊಂದನ್ನು ಗೇರುಬೀಜ ತುಂಬುವ ಸಣ್ಣ ತಗಡಿನ ಡಬ್ಬಿಯಲ್ಲಿ ಅಂಚು ಮಡಚಿ ಮುಚ್ಚಿಸಿ, ತಿಂಗಳ ನಂತರ ಆ ಮರಿಗಳ 1,764 ಕೆಇವಿ ಶಿಖರ ನೋಡಿದೆ. ಪ್ಲಾಸ್ಟಿಕ್‌ನಲ್ಲಿ ಹತ್ತು ಶೇಕಡಾಕ್ಕೂ ಹೆಚ್ಚು ಕಡಿಮೆ. ಅಂದೇ ಎಲ್ಲವನ್ನೂ ತಗಡಿಗೆ ಬದಲಾಯಿಸಿದೆ, ಪೊಟ್ಯಾಸಿಯಂ ಡಬ್ಬಿಯನ್ನೂ ಸೇರಿಸಿ. ಆ ಡಬ್ಬಿಯ ವ್ಯಾಸ 73 ಮಿಲಿಮೀಟರ್. ಹರಳಿಗೆ ಹೇಳಿ ಮಾಡಿಸಿದ ಹಾಗಿದೆ. ಅಂಚು ಮಡಚುವ ಮೊದಲು ಒಳಗೆ ಹಚ್ಚುವ ಮಿಶ್ರಣ ನನ್ನದೇ. ಅದನ್ನು ಕಂಡುಕೊಳ್ಳಲು ನಲವತ್ತು ಡಬ್ಬಿ ಹಾಳಾಗಿವೆ, ಸದ್ಯಕ್ಕೆ ಅದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಸಾಂದ್ರತೆಯ ಬಗ್ಗೆ ಒಂದು ಮಾತು. ಭಾರದ ಪುಡಿ ತನ್ನ ಗಾಮಾವನ್ನು ತಾನೇ ಹೆಚ್ಚು ಹೀರಿಕೊಳ್ಳುತ್ತದೆ. ಪೊಟ್ಯಾಸಿಯಂ ಕ್ಲೋರೈಡ್ ಡಬ್ಬಿಯಲ್ಲಿ ಒಂದು ಸಿಸಿಗೆ ಒಂದು ಗ್ರಾಂ. ಕಪ್ಪು ಮರಳು ಎರಡೂಕಾಲಕ್ಕೂ ಮೇಲೆ. ಹಾಗಾಗಿ ಪೊಟ್ಯಾಸಿಯಂ ಕ್ಲೋರೈಡ್‌ಗೆ ಮರದ ಹೊಟ್ಟು ಬೆರೆಸಿ ಒಂದು ಹಗುರ ಡಬ್ಬಿ, ಕಬ್ಬಿಣದ ಪುಡಿ ಬೆರೆಸಿ ಒಂದು ಭಾರದ ಡಬ್ಬಿ ಮಾಡಿದೆ. ಜುಲೈ ತಿಂಗಳ ಮಳೆ. ಉಪ್ಪು, ಕಬ್ಬಿಣ, ಕರಾವಳಿಯ ತೇವ ಮೂರೂ ಸೇರಿ ಮೂರು ವಾರದಲ್ಲಿ ಒಳಗಿದ್ದದ್ದು ತುಕ್ಕಿನ ಇಟ್ಟಿಗೆಯಾಯಿತು; ಡಬ್ಬಿಯ ತಳ ಉಬ್ಬಿ ಕೂರಿಸಲೂ ಆಗಲಿಲ್ಲ. ಆಮೇಲೆ ಬಳ್ಳಾರಿಯ ಕಬ್ಬಿಣದ ಅದಿರಿನ ಪುಡಿ ತರಿಸಿದೆ. ಅದು ಆಗಲೇ ತುಕ್ಕೇ ಆಗಿರುವುದರಿಂದ ಮತ್ತೆ ತುಕ್ಕು ಹಿಡಿಯುವ ಮಾತಿಲ್ಲ. ಅದರ ಸ್ವಂತ ಎಣಿಕೆಯನ್ನು ಮೊದಲು ತೆಗೆದು ಕಳೆದೆ. ಹಗುರ ಡಬ್ಬಿಯಿಂದ ಭಾರದ ಡಬ್ಬಿಗೆ ಹೋಗುವಾಗ 1,460ರಲ್ಲಿ ದಕ್ಷತೆ ಐದನೇ ಒಂದು ಪಾಲು ಇಳಿಯುತ್ತದೆ. 2,614ರಲ್ಲಿ ಆ ಇಳಿತದ ಮುಕ್ಕಾಲು ಪಾಲು ಎಂದು ಇಟ್ಟುಕೊಂಡರೆ ಸಾಕು. ಈ ತಿದ್ದುಪಡಿ ಇಲ್ಲದೆ ಉಳ್ಳಾಲದ ಮರಳನ್ನು ಅಳೆಯುವವರ ಅಂಕಿಯನ್ನು ನಾನು ಒಪ್ಪುವುದಿಲ್ಲ.

ತಾಪ ಬದಲಾದಂತೆ ಹರಳಿನ ಗೇನ್ (ಸಂಕೇತದ ವರ್ಧನೆ) ಜಾರುವುದು, ಅದರಿಂದ ಶಿಖರಗಳು ಸರಿಯುವುದು ಎಲ್ಲರಿಗೂ ಗೊತ್ತು. ನಮ್ಮಲ್ಲಿ ಬೆಳಗ್ಗೆ 26 ಡಿಗ್ರಿ, ಮಧ್ಯಾಹ್ನ 33. ಪೊಟ್ಯಾಸಿಯಂ ಶಿಖರ 25 ಕೆಇವಿಯಷ್ಟು ಸರಿಯುತ್ತಿತ್ತು. ಥರ್ಮೋಕೋಲ್ ಪೆಟ್ಟಿಗೆ, ರಾತ್ರಿ ಎಣಿಕೆ, ಇನ್ವರ್ಟರ್. ಜೊತೆಗೆ ಗಂಟೆಗೊಂದು ಸ್ಪೆಕ್ಟ್ರಮ್ ಉಳಿಸಿ, ಪ್ರತಿ ತುಣುಕನ್ನೂ ತನ್ನದೇ ಶಿಖರಗಳ ಮೇಲೆ ಎಳೆದು ಕೂರಿಸಿ, ಆಮೇಲೆ ಕೂಡಿಸುತ್ತೇನೆ. ಆ ಪ್ರೋಗ್ರಾಂ ಇನ್ನೂ ತಿದ್ದುತ್ತಿದ್ದೇನೆ, ಹಂಚುವ ಸ್ಥಿತಿಯಲ್ಲಿಲ್ಲ.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ಸೋರ್ಸ್‌ಗಳ ಪೂರ್ಣ ಸೆಟ್‌ಗೆ ಬಂದ ದರಪಟ್ಟಿ ಎರಡು ಲಕ್ಷದ ಹತ್ತಿರ. ಅನುಮತಿಯ ಕಾಗದಪತ್ರ, ಓಡಾಟ ಬೇರೆ. ನಾನು ಕೊಂಡ ಪೊಟ್ಯಾಸಿಯಂ ಕ್ಲೋರೈಡ್ ಅರ್ಧ ಕಿಲೋದ ಐದು ಬಾಟಲಿ, ಎಲ್ಲ ಸೇರಿ ಎರಡು ಸಾವಿರ ಚಿಲ್ಲರೆ. ತಗಡಿನ ಡಬ್ಬಿ ಒಂದಕ್ಕೆ 15-20 ರೂಪಾಯಿ. ದೊಡ್ಡ ಖರ್ಚು ಹೊರಗಿನ ವಿಕಿರಣವನ್ನು ತಡೆಯಲು ಹರಳಿನ ಸುತ್ತ ಕಟ್ಟಿದ ಸೀಸದ್ದು: 350 ಕಿಲೋ, ಗುಜರಿ ದರದಲ್ಲಿ, ಇಟ್ಟಿಗೆ ಎರಕ ಹೊಯ್ಯಿಸಿದ್ದೂ ಸೇರಿ 70 ಸಾವಿರ. ಒಳಗೆ ತಾಮ್ರದ ಹಾಳೆಗೆ ಐದು ಸಾವಿರ. ಕಾಲೇಜು ಕೊಟ್ಟದ್ದು 40 ಸಾವಿರ, ಉಳಿದದ್ದು ನನ್ನ ಸಂಬಳದಿಂದ. ಒಬ್ಬ ಗುಜರಿ ವ್ಯಾಪಾರಿ ಹೊಸ ಸೀಸವನ್ನು ಹಳೆಯದೆಂದು ಮಾರಿದ್ದರಿಂದ ಸೀಸದೊಳಗೇ ಇರುವ, ಹಳೆಯದಾದಂತೆ ಕ್ಷಯಿಸಿ ಕಡಿಮೆಯಾಗುವ ಸೀಸ-210ರ ಹಿನ್ನೆಲೆ ಏರಿ, ನೂರು ಕಿಲೋ ವಾಪಸು ಕೊಡಬೇಕಾಯಿತು. ಅದರಲ್ಲಿ ಎಂಟು ಸಾವಿರ ನಷ್ಟ.

ಈಗ ಆ ಪೊಟ್ಯಾಸಿಯಂ ಜಗಳ. ಮರಳಿನಲ್ಲಿ ದೊಡ್ಡ ಪ್ರಯೋಗಾಲಯದವರು ಕೊಟ್ಟದ್ದು ಕಿಲೋಗೆ 170ರಷ್ಟು, ನನ್ನದು 90. ಜರ್ಮೇನಿಯಂ ಎದುರು ಸೋಡಿಯಂ ಅಯೊಡೈಡ್ ನಿಲ್ಲುವುದಿಲ್ಲ ಎಂದು ಎಲ್ಲರೂ ನನ್ನದನ್ನೇ ತಪ್ಪೆಂದರು. ಆದರೆ ಥೋರಿಯಂ ಸರಣಿಯ ಆಕ್ಟಿನಿಯಂ-228ಕ್ಕೆ 1,459 ಕೆಇವಿಯಲ್ಲಿ ಒಂದು ಸಣ್ಣ ಗೆರೆಯಿದೆ, ನೂರಕ್ಕೆ 0.8ರಷ್ಟು. ಸಾಮಾನ್ಯ ಮಣ್ಣಿನಲ್ಲಿ ಅದು ಲೆಕ್ಕಕ್ಕಿಲ್ಲ. ಥೋರಿಯಂ 1,100 ಇರುವಲ್ಲಿ ಅದೊಂದೇ 85 ಬೆಕೆರೆಲ್ ಪೊಟ್ಯಾಸಿಯಂನ ವೇಷ ಹಾಕುತ್ತದೆ. ಜರ್ಮೇನಿಯಂ ಕೂಡ ಆ ಎರಡನ್ನು ಬಿಡಿಸಲಾರದು. ನಾನು ಥೋರಿಯಂ ಮಾನಕವನ್ನೇ ಇಟ್ಟು 1,460ರ ಕಿಟಕಿಗೆ (ಆ ಶಿಖರದ ಸುತ್ತಲಿನ ಎಣಿಕೆಯ ವ್ಯಾಪ್ತಿಗೆ) ಎಷ್ಟು ಸುರಿಯುತ್ತದೆಂದು ಅಳೆದು ಕಳೆಯುವುದರಿಂದ, ಕಾಂಪ್ಟನ್ (ಹೆಚ್ಚು ಶಕ್ತಿಯ ಗಾಮಾಗಳು ಚದುರಿ ಬಿಡುವ ಎಣಿಕೆ) ಜೊತೆಗೆ ಆ ಗೆರೆಯೂ ತಾನಾಗಿ ಹೋಗಿತ್ತು. ಲೆಕ್ಕ ಬರೆದು ಕಳುಹಿಸಿದೆ. ಹತ್ತು ದಿನಕ್ಕೆ ಉತ್ತರ ಬಂತು: ತಿದ್ದಿದ ಬೆಲೆ 88. ಜೊತೆಗೆ ಅವರ ಹಳೆಯ ಕಡಲತೀರದ ಮಾದರಿಗಳ ಪಟ್ಟಿಯೂ ಬಂದಿದೆ, ಪೊಟ್ಯಾಸಿಯಂ ಮರುಲೆಕ್ಕಕ್ಕೆ. ಮೊದಲ ಮೂರು ಡಬ್ಬಿಗಳಿಗೆ ನಿನ್ನೆ ಅಂಚು ಮಡಚಿಸಿ ತಂದಿದ್ದೇನೆ.