ಮೊದಲ ಕೊಡದ ನೀರು

ಅಂಕೋಲಾ ಬದಿಯ ಒಂದು ಹಳ್ಳಿ. ಒಂದೇ ಓವರ್‌ಹೆಡ್ ಟ್ಯಾಂಕು, ಸುಮಾರು 400 ನಳ. ತಿಂಗಳಿಗೆ 10 ಬಾಟಲಿ ನೀರು ಲ್ಯಾಬಿಗೆ ಮುಟ್ಟಿಸುವುದು ನನ್ನ ಕೆಲಸ. ಮೊದಲ ವರ್ಷ ತಂದದ್ದೆಲ್ಲ ಬೈಕ್ ನಿಲ್ಲಿಸಲು ಜಾಗವಿದ್ದ ಕಡೆಯ ನೀರು: ಶಾಲೆ, ಅಂಗನವಾಡಿ, ರಸ್ತೆ ಬದಿಯ ನಾಲ್ಕು ಮನೆ. ವರದಿ ಯಾವಾಗಲೂ ಚೊಕ್ಕ. ಕೆಳಗಿನ ಕೇರಿಯಲ್ಲಿ ಮಾತ್ರ ಮಳೆಗಾಲ ಹಿಡಿದರೆ ಮಕ್ಕಳಿಗೆ ಭೇದಿ ತಪ್ಪುತ್ತಿರಲಿಲ್ಲ.

ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ನೂರಕ್ಕೆ 5 ನಳ ಕೆಟ್ಟಿವೆ ಎನ್ನಿ. ಒಂದು ಬಾಟಲಿ ಪಾಸಾಗುವ ಸಂಭವ 0.95, ಹತ್ತೂ ಪಾಸಾಗುವುದು ಸುಮಾರು 0.60. ಐದು ತಿಂಗಳಲ್ಲಿ ಮೂರು ತಿಂಗಳು ಕೆಟ್ಟ ನಳ ಕಣ್ಣಿಗೇ ಬೀಳದು! ಅದೂ ಚೀಟಿ ಎತ್ತಿ ಆರಿಸಿದರೆ. ನಾನು ಆರಿಸಿದ್ದು ಬೈಕ್ ನೋಡಿ.

ಈ ಕುರುಡು ಬಹುಪಾಲು ತೊಲಗಲು ಐವತ್ತು-ಅರವತ್ತು ಬಾಟಲಿ ಬೇಕು, ಅಷ್ಟಕ್ಕೆ ಲ್ಯಾಬ್ ಒಪ್ಪದು. ಇದ್ದ ಹತ್ತನ್ನೇ ಹಂಚಿದೆ: ಟ್ಯಾಂಕಿನ ಹತ್ತಿರ 2, ನಡುವೆ 3, ಲೈನು ಮುಗಿಯುವ ಕೆಳಕೇರಿಗೆ 5. ಕ್ರಿಮಿ ಕೊಲ್ಲುವ ಕ್ಲೋರಿನ್ ಸವೆಯುವುದು ಅಲ್ಲೇ. (ಕೆಳಕೇರಿಗೆ ಹೆಚ್ಚು ಬಾಟಲಿ ಕೊಟ್ಟದ್ದರಿಂದ, ಊರಿನ ಒಟ್ಟು ಲೆಕ್ಕ ಹೇಳುವಾಗ ಆಯಾ ಭಾಗದ ಮನೆಗಳ ಸಂಖ್ಯೆಗೆ ತಕ್ಕಷ್ಟೇ ತೂಕ ಕೊಡಬೇಕು.) ಮನೆ ನಂಬರು ಚೀಟಿ ಬರೆದು ಡಬ್ಬಿಗೆ ಹಾಕಿದೆ. ಬೀಗ ಹಾಕಿದ ಮನೆ ಬಂದರೆ ಇನ್ನೊಂದು ಚೀಟಿ. ಚಹಾ ಕೊಡುವ ಪಕ್ಕದ ಮನೆಯಲ್ಲ.

ಮೂರು ತಿಂಗಳು ಹೀಗೂ ಚೊಕ್ಕವೇ. ಕೊನೆಗೆ ಕೆಳಕೇರಿಯ ಅಕ್ಕ ಒಬ್ಬರು, ನಾನು ನಿಯಮದಂತೆ ಎರಡು-ಮೂರು ನಿಮಿಷ ನಳ ಹರಿಸುವುದನ್ನು ನೋಡಿ, "ಸರ್, ಮೊದ್ಲಿನ ಎರಡು ಕೊಡ ನೀವು ಚೆಲ್ತೀರಿ. ನಮ್ಗೆ ಬರೂದೇ ಆರು ಕೊಡ, ಚೆಲ್ಲೂಕೆ ಆಗ್ತದ್ಯಾ?" ಎಂದರು.

ಮುಂದಿನ ಸಲ ನೀರು ಬಿಡುವ ಮೊದಲೇ, ಐದೂವರೆಗೆ ಹೋದೆ. ನಳ ಬುಸುಗುಟ್ಟಿ ಗಾಳಿ ಉಗುಳಿತು, ಹಿಂದೆಯೇ ಕೆಮ್ಮಣ್ಣಿನ ನೀರು. ಕ್ಲೋರಿನ್ ನೋಡುವ ಕಿಟ್‌ನಲ್ಲಿ ಗುಲಾಬಿ ಬಣ್ಣವೇ ಏಳಲಿಲ್ಲ, ಅಂದರೆ ಕ್ಲೋರಿನ್ ಇಲ್ಲ. ಹತ್ತು ನಿಮಿಷ ಬಿಟ್ಟು ನೋಡಿದರೆ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂ, ಬೇಕಾದಷ್ಟು. ಎರಡು ಹೊತ್ತಿನ ನೀರನ್ನೂ ಬೇರೆ ಬೇರೆ ಬಾಟಲಿಗೆ ತುಂಬಿ ಐಸ್ ಪೆಟ್ಟಿಗೆಯಲ್ಲಿಟ್ಟೆ. ಐದು ಮನೆಯ ಮೊದಲ ನೀರಿನಲ್ಲಿ ಎರಡರಲ್ಲಿ ಕೋಲಿಫಾರ್ಮ್, ಕೊಳಚೆ ಸೇರಿರಬಹುದೆಂದು ಸುಳಿವು ಕೊಡುವ ಬ್ಯಾಕ್ಟೀರಿಯಾ. ನಂತರದ ಐದೂ ಶುದ್ಧ.

ಮೋರಿಯ ಕೆಳಗೆ ಪೈಪಿನ ಜಾಯಿಂಟ್ ಗಟಾರದಲ್ಲೇ ಮುಳುಗಿತ್ತು. ರಾತ್ರಿ ಲೈನು ಖಾಲಿಯಾದಾಗ ಗಟಾರದ ನೀರನ್ನು ಒಳಗೆ ಎಳೆದುಕೊಳ್ಳುತ್ತಿತ್ತು.

ಈಗ ನನ್ನ ಹತ್ತಿರ ಡಬ್ಬಿ ಎರಡು. ಒಂದರಲ್ಲಿ ಮನೆ ನಂಬರು, ಇನ್ನೊಂದರಲ್ಲಿ ಹೊತ್ತು. ‘ಮೊದಲ ನೀರು’ ಚೀಟಿ ಬಂದರೆ ನಾಲ್ಕೂವರೆಗೇ ಏಳಬೇಕು.