ಹಲ್ಲುಚಕ್ರಗಳು ಕೂಡಿಕೊಂಡದ್ದು ಹೇಗೆ: ನನ್ನ ಅನುಭವ

ಚಿಕ್ಕಮಗಳೂರಿನಲ್ಲಿ ಮಳೆ ಬಿಡದೆ ಹಿಡಿದ ಒಂದು ಭಾನುವಾರ, ಮಕ್ಕಳಿಬ್ಬರೊಡನೆ ಕುಳಿತು ಲೆಗೊ ಟೆಕ್ನಿಕ್ ಎಂಬ, ಸರಳು ತೂರಿಸುವ ತೂತುಗಳಿರುವ ಪ್ಲಾಸ್ಟಿಕ್ ಆಟಿಕೆ ಇಟ್ಟಿಗೆಗಳಿಂದ ಕೈಯಲ್ಲಿ ತಿರುಗಿಸುವ ಪುಟ್ಟ ಕ್ರೇನ್ ಕಟ್ಟಿದೆ. ಹಿಡಿಕೆಯ ಸರಳಿಗೆ 8 ಹಲ್ಲಿನ ಚಕ್ರವನ್ನೂ, ಅದರ ಮೇಲಿನ ದಾರ ಸುತ್ತುವ ಸರಳಿಗೆ 24 ಹಲ್ಲಿನ ಚಕ್ರವನ್ನೂ ಹಾಕಿದ್ದೆವು. ಹಿಡಿಕೆ ಮೂರು ಸುತ್ತು ತಿರುಗಿದಾಗ ದಾರದ ಸರಳು ಒಂದು ಸುತ್ತು ತಿರುಗಿ, ಕಾಫಿ ಬೀಜ ತುಂಬಿದ ಬೆಂಕಿಪೊಟ್ಟಣ ಮೇಲೇಳಬೇಕಿತ್ತು. ಆದರೆ ಮೇಲಿನ ಚಕ್ರ ಅಲುಗಲೇ ಇಲ್ಲ.

"ಅಮ್ಮಾ, ಹಲ್ಲಿಗೆ ಹಲ್ಲು ತಾಗ್ತಾನೇ ಇಲ್ಲ ನೋಡು" ಎಂದು ಮಗಳು ಸಂದಿಯಲ್ಲಿ ಕಾಗದದ ಚೂರೊಂದನ್ನು ತೂರಿಸಿ ತೋರಿಸಿದಳು. ಅವಳ ಆ ಗಮನವೇ ನಮಗೆ ದಾರಿ ತೋರಿತು.

ಸ್ಕೇಲ್ ಹಿಡಿದು ಅಳೆದಾಗ ಕಾರಣ ತಿಳಿಯಿತು. ಇಟ್ಟಿಗೆಯಲ್ಲಿ ಅಡ್ಡಸಾಲಿನ ತೂತುಗಳ ನಡುವಿನ ಅಂತರ 8 ಮಿಲಿಮೀಟರ್ ಇದ್ದರೆ, ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್. ಈ ಎರಡು ಚಕ್ರಗಳು ಕೂಡಬೇಕಾದರೆ ಸರಳುಗಳ ನಡುವೆ ಸರಿಯಾಗಿ 16 ಮಿಲಿಮೀಟರ್ ಬೇಕು. ನಾವು ತೂತಿನ ಎರಡು ಇಟ್ಟಿಗೆಗಳ ನಡುವೆ ಮತ್ತೊಂದು ಇಟ್ಟಿಗೆ ಇಟ್ಟಿದ್ದರಿಂದ ಅದು 19.2 ಆಗಿತ್ತು. ನಡುವಿನ ಇಟ್ಟಿಗೆಯನ್ನು ತೆಗೆದು, ತಲಾ 3.2 ಮಿಲಿಮೀಟರ್ ದಪ್ಪದ ಎರಡು ಪ್ಲೇಟ್‌ಗಳನ್ನು, ಅಂದರೆ ತೆಳು ಚಪ್ಪಟೆ ತುಂಡುಗಳನ್ನು, ಇಟ್ಟೆವು. 9.6ಕ್ಕೆ 6.4 ಸೇರಿದರೆ 16 ಎಂಬ ಲೆಕ್ಕವನ್ನು ಮಗನೇ ಮಾಡಿದ್ದು ನನಗೆ ಬಹಳ ಸಂತೋಷ ತಂದಿತು.

ಆಮೇಲೂ ಹಿಡಿಕೆ ಬಿಗಿಯಾಗಿತ್ತು. ಸರಳು ಜಾರದಂತೆ ಅದರ ತುದಿಗೆ ಹಾಕುವ ಪುಟ್ಟ ಬಳೆ, ಅಂದರೆ ಬುಷ್, ಇಟ್ಟಿಗೆಗೆ ಒತ್ತಿಕೊಂಡಿತ್ತು. ಅದನ್ನು ಉಗುರಿನಷ್ಟು ಹಿಂದಕ್ಕೆ ಸರಿಸಿದ ಕೂಡಲೇ ಬೆಂಕಿಪೊಟ್ಟಣ ಮೆಲ್ಲನೆ ಮೇಲೇರಿತು.