ಕಕ್ಕಡದ ಮಳೆಯಲ್ಲೂ ಮೊದಲ ಸೆಲ್ಫ್ ಸ್ಟಾರ್ಟಿಗೇ ಏಳುವ ಜೀಪು: ನನ್ನ ಅನುಭವ

ನನ್ನ ಹಳೇ ಡೀಸೆಲ್ ಜೀಪು ಕೆಲವು ದಿನ ನಿಂತರೆ ಸ್ಟಾರ್ಟ್ ಆಗುತ್ತಿರಲಿಲ್ಲ. ಮಡಿಕೇರಿಯಿಂದ ಗೋಣಿಕೊಪ್ಪದವರೆಗೆ ತೋರಿಸಿದಲ್ಲೆಲ್ಲ ಒಂದೇ ಮಾತು: ಬ್ಯಾಟರಿ ಹೋಗಿದೆ, ಅದಲ್ಲದಿದ್ದರೆ ಪೂರ್ತಿ ವೈರಿಂಗ್ ಬದಲಿಸಿ. ಬ್ಯಾಟರಿಗೆ ಏಳು ಸಾವಿರ ಆಗಲೇ ಸುರಿದಾಗಿತ್ತು, ವೈರಿಂಗಿಗೆ ಹದಿನಾಲ್ಕು ಕೇಳಿದರು. ಜೀಪು ಕೊನೆಗೆ ಸರಿಹೋದದ್ದು ಸುಮಾರು ಸಾವಿರದ ಮುನ್ನೂರರಲ್ಲಿ. ಈ ಕಕ್ಕಡದಲ್ಲಿ (ಕೊಡಗಿನ ಜೋರು ಮಳೆಯ ತಿಂಗಳು) ನಾಲ್ಕು ದಿನ ಶೆಡ್ಡಿನಲ್ಲಿ ನಿಂತರೂ ಮೊದಲ ಸೆಲ್ಫ್ ಸ್ಟಾರ್ಟಿಗೇ ಎದ್ದಿದೆ.

ತೊಂದರೆ ಎರಡಿತ್ತು, ಒಂದು ಇನ್ನೊಂದನ್ನು ಮುಚ್ಚಿಟ್ಟಿತ್ತು.

ಮೊದಲನೆಯದು ಲೀಕು, ಅಂದರೆ ಜೀಪು ನಿಂತಿರುವಾಗಲೂ ಬ್ಯಾಟರಿಯ ಕರೆಂಟ್ ಸೋರುವುದು. ಎಲ್ಲ ಆಫ್ ಮಾಡಿ, ಬ್ಯಾಟರಿ ಮೈನಸ್ ವೈರು ಬಿಚ್ಚಿ ನಡುವೆ ಮಲ್ಟಿಮೀಟರ್ ಕೊಟ್ಟರೆ 380 ಮಿಲಿಆಂಪ್ ಹತ್ತಿರ. ಗಡಿಯಾರವೂ ಇಲ್ಲದ ಜೀಪಿಗೆ ಸೊನ್ನೆಯ ಹತ್ತಿರ ಇರಬೇಕು. ಮೂರು ದಿನಕ್ಕೆ 27 ಆಂಪ್-ಅವರ್, ಅಂದರೆ 80ರ ಬ್ಯಾಟರಿಯ ಮೂರನೇ ಒಂದು ಪಾಲು. ಮೀಟರ್ ನಡುವೆ ಇರುವಾಗ ಕೀ ಮುಟ್ಟಬೇಡಿ. ಕೀ ತಿರುಗಿಸಿದಾಗ ಡೀಸೆಲ್ ಇಂಜಿನ್ನನ್ನು ಬಿಸಿಮಾಡುವ ಹೀಟರ್ ಪ್ಲಗ್ಗಿನ ಕರೆಂಟಿಗೆ ನನ್ನ ಮೀಟರಿನ ಎರಡು ಫ್ಯೂಸ್ ಸುಟ್ಟವು. ಫ್ಯೂಸ್ ಬಾಕ್ಸಿನದನ್ನೆಲ್ಲ ಕಿತ್ತರೂ ಅಂಕಿ ಅಲುಗಲಿಲ್ಲ. ಹೆಚ್ಚಿನವರು ಕೈಬಿಡುವುದು ಇಲ್ಲೇ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ದಪ್ಪ ವೈರು ಆ ಬಾಕ್ಸಿಗೆ ಬರುವುದೇ ಇಲ್ಲವಲ್ಲ! ಅದನ್ನು ಬಿಚ್ಚಿ ನೋಡಿದರೆ ಸೊನ್ನೆ. "ಚಾರ್ಜಿಂಗ್ 14.1 ವೋಲ್ಟ್ ಇದೆ, ಆಲ್ಟರ್ನೇಟರಿಗೆ ಏನಾಗಿದೆ?" ಎಂದವರೇ ಎಲ್ಲ. ಓಡುವಾಗ ಚಾರ್ಜ್ ಮಾಡುವುದು ಬೇರೆ, ನಿಂತಾಗ ಸೋರುವುದು ಬೇರೆ. ಆಲ್ಟರ್ನೇಟರಿನ ಒಳಗೆ ರೆಕ್ಟಿಫೈಯರ್ ಪ್ಲೇಟಿನ (ಎಸಿ ಕರೆಂಟನ್ನು ಡಿಸಿ ಮಾಡುವ ಡಯೋಡ್ ಪ್ಲೇಟ್) ಮೇಲೆ ತೋಟದ ಕೆಂಪು ಕೆಸರು, ಕಾರ್ಬನ್ ಪುಡಿ, ಆಯಿಲ್ ಸೇರಿ ಹಸಿ ಪದರ ಕಟ್ಟಿತ್ತು. ತೊಳೆದು ಒಂದು ರಾತ್ರಿ ಒಲೆಯ ಹತ್ತಿರ ಒಣಗಿಸಿದ್ದಕ್ಕೆ 120 ಮಿಲಿಆಂಪಿಗಿಳಿಯಿತು. ಪ್ಲೇಟ್ ಬದಲಿಸಿದ ಮೇಲೆ ಪೂರ್ತಿ ನಿಂತಿತು.

ಎರಡನೆಯದು ಅರ್ತ್, ಅಂದರೆ ಇಂಜಿನ್ನಿನಿಂದ ಬ್ಯಾಟರಿ ಮೈನಸ್ಸಿಗೆ ಕರೆಂಟ್ ಮರಳುವ ದಾರಿ. ಇಲ್ಲಿ ವೈರು ಕೂಡಿದ್ದರೆ ಮೀಟರ್ ಕೂಗುವ ಬೀಪ್ ಟೆಸ್ಟ್ ನಂಬಿದರೆ ಕೆಟ್ಟಿರಿ. ಸೆಲ್ಫ್ ಮೋಟರ್ 200 ಆಂಪ್ ಎಳೆಯುವಾಗ 5 ಮಿಲಿಓಮ್ ತಡೆ ಸಾಕು, 1 ವೋಲ್ಟ್ ಅಲ್ಲೇ ಹೋಗುತ್ತದೆ. ಅಷ್ಟು ಸಣ್ಣದು ಮಾಮೂಲಿ ಮೀಟರಿಗೆ ಕಾಣದು. ಮೀಟರನ್ನು ಡಿಸಿ ವೋಲ್ಟಿಗಿಟ್ಟು ಕೆಂಪು ವೈರನ್ನು ಇಂಜಿನ್ ಬ್ಲಾಕಿಗೆ, ಕಪ್ಪನ್ನು ಬ್ಯಾಟರಿಯ ಸೀಸದ ಕಂಬಕ್ಕೇ ಒತ್ತಿ ಹಿಡಿಯಿರಿ, ಕ್ಲ್ಯಾಂಪಿಗಲ್ಲ. ಇಂಜಿನ್ ಏಳದಂತೆ ಸ್ಟಾಪ್ ಕೇಬಲ್ ಎಳೆದುಕೊಂಡು ಮೂರು ಸೆಕೆಂಡ್ ಸೆಲ್ಫ್ ಹೊಡೆಸಿ. 0.3 ವೋಲ್ಟಿನೊಳಗೆ ಇರಬೇಕಾದದ್ದು 1.1 ಬಂತು. ಹೊಸ ಅರ್ತ್ ಸ್ಟ್ರಾಪ್ (ದಪ್ಪ ಅರ್ತ್ ತಂತಿ) ಹಾಕಿದರೂ 0.9, ಏಕೆಂದರೆ ಬೋಲ್ಟಿನ ಅಡಿಯಲ್ಲಿ ಪೇಂಟ್ ಉಳಿದಿತ್ತು. ಕಬ್ಬಿಣ ಬೆಳ್ಳಗೆ ಹೊಳೆಯುವ ತನಕ ಉಜ್ಜಿ, ಸ್ಟಾರ್ ವಾಷರ್ ಕೊಟ್ಟು, ಬಿಗಿದ ಮೇಲೆ ಗ್ರೀಸ್ ಬಳಿದೆ: 0.15. ತಂತಿಯ ತುದಿಯ ಲಗ್ಗನ್ನು (ಬೋಲ್ಟಿಗೆ ಕೂರುವ ಲೋಹದ ಬಳೆ) ಬೆಸುಗೆ ಹಾಕದೆ ಒತ್ತಿಸಿ. ತೋಟದ ದಾರಿಯ ಕುಲುಕಾಟಕ್ಕೆ ಬೆಸುಗೆಯ ಅಂಚಿನಲ್ಲೇ ತಂತಿ ತುಂಡಾಗುತ್ತದೆ. ಗ್ರೀಸಿಗೆ ನಾನು ಬೆರೆಸುವುದೇನೆಂಬುದು ನನ್ನಲ್ಲೇ ಇರಲಿ, ಬರೀ ಪೆಟ್ರೋಲಿಯಂ ಜೆಲ್ಲಿಯೂ ಒಂದು ಮಳೆಗಾಲ ತಡೆಯುತ್ತದೆ.

ಇದೇ ಉಮೇದಿನಲ್ಲಿ ಹಿಂದಿನ ಲೈಟುಗಳಿಗೂ ಬೇರೆ ಅರ್ತ್ ಎಳೆದೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುವುದು ನಿಂತಿತು. ಎಲ್‌ಇಡಿ ಬಲ್ಬ್ ಹಾಕಿದ್ದು ಮಾತ್ರ ಕೈಕೊಟ್ಟಿತು: ಲೋಡ್ ಸಾಲದೆ ಇಂಡಿಕೇಟರ್ ಮಿಣುಕಿಸುವ ಫ್ಲ್ಯಾಷರ್ ಓಡೋಡಿ ಬಡಿಯತೊಡಗಿತು, ಮತ್ತೆ 21 ವ್ಯಾಟ್ ಬಲ್ಬೇ ಹಾಕಿದ್ದೇನೆ.